ಅಂಗೈಯಷ್ಟೂ ಇಲ್ಲದ ತುಣುಕಿಗೆ ಸುಂಕದ ಗೋಡೆ
ಸೈಕಲ್ಲಿನ ಹಿಂಬದಿ ಗೇರನ್ನು ಚೌಕಟ್ಟಿಗೆ ಹಿಡಿದಿಡುವ ‘ಹ್ಯಾಂಗರ್’ ಅಂಗೈಯಷ್ಟೂ ಇಲ್ಲದ ಅಲ್ಯೂಮಿನಿಯಂ ತುಣುಕು. ಪೆಟ್ಟು ಬಿದ್ದಾಗ ತಾನು ಬಾಗಿ ಚೌಕಟ್ಟನ್ನು ಉಳಿಸುವುದೇ ಅದರ ಕೆಲಸ. ಆದರೆ ಅದರ ಆಕಾರಗಳು ನೂರಾರು. ಒಂದು ಸೈಕಲ್ಲಿನದು ಇನ್ನೊಂದಕ್ಕೆ ಕೂಡದು. ಹತ್ತಿರದ ಅಂಗಡಿ ಕೈಚೆಲ್ಲಿದರೆ ಅಮೆರಿಕದ ಸವಾರ ಹಲವೊಮ್ಮೆ ಹೊರದೇಶದಿಂದಲೇ ತರಿಸಬೇಕು.

800 ಡಾಲರಿನೊಳಗಿನ ಪಾರ್ಸೆಲ್ಲುಗಳಿಗಿದ್ದ ಸುಂಕ ವಿನಾಯಿತಿಯನ್ನು ಟ್ರಂಪ್ ಆಡಳಿತ 2025ರ ಆಗಸ್ಟ್ 29ರಂದು ಎಲ್ಲ ದೇಶಗಳಿಗೂ ರದ್ದುಪಡಿಸಿತು. ಭಾರತವೂ ಸೇರಿದಂತೆ ಹಲವು ದೇಶಗಳ ಅಂಚೆ ಇಲಾಖೆಗಳು ಅಲ್ಲಿಗೆ ಸರಕು ಕಳಿಸುವುದನ್ನೇ ಕೆಲಕಾಲ ನಿಲ್ಲಿಸಿದವು. ಮಾದಕವಸ್ತುಗಳನ್ನು ತಡೆಯುವುದು ಕೊಟ್ಟ ಕಾರಣಗಳಲ್ಲೊಂದು. ತಡೆದದ್ದರಲ್ಲಿ ಬ್ರೇಕ್ ಪ್ಯಾಡು, ಚೈನುಗಳೂ ಇದ್ದವೆನ್ನಿ. ವಾರಾಂತ್ಯದ ವಿಹಾರಿಗೆ ಇದು ಬರಿಯ ಕಿರಿಕಿರಿ. ಸೈಕಲ್ಲಿನಲ್ಲಿ ಊಟ ತಲುಪಿಸಿ ಬದುಕುವ ವಲಸಿಗನಿಗೆ ಪಾರ್ಸೆಲ್ ತಡವಾದಷ್ಟು ದಿನವೂ ಕೂಲಿಯಿಲ್ಲ, ಬಾಡಿಗೆ ಮಾತ್ರ ಬಾಕಿ.