ಕೋಡಿ ಕಟ್ಟದೆ ಕೆರೆ ತುಂಬಿಸಿದೆವು

ಮೊನ್ನೆ ನಮ್ಮ ಬಡಾವಣೆಯ ಡಿಟಿಪಿ ಅಂಗಡಿಗೆ ಹೋಗಿದ್ದೆ. ಹಿಂದಿನ ಸಂಜೆ ಅಪ್‌ಡೇಟ್ ನಡೆಯುತ್ತಿದ್ದಾಗಲೇ ಕರೆಂಟ್ ಹೋಗಿ, ಬೆಳಿಗ್ಗೆಯಿಂದ ಅವರ ಕಂಪ್ಯೂಟರ್ ಮೇಲೇಳುತ್ತಿರಲಿಲ್ಲ. ರಿಪೇರಿಗೆ ಬಂದಿದ್ದ ಹುಡುಗ ಹತ್ತು ನಿಮಿಷ ಕೀಲಿಮಣೆ ಕುಟ್ಟಿ ನೋಡಿ, ಅಂಗಡಿಯಾಕೆಯ ಕಡೆ ತಿರುಗಿದ.

‘ಓಎಸ್ ಹೋಗಿದೆ ಅಕ್ಕಾ. ಫಾರ್ಮ್ಯಾಟ್ ಹೊಡೀಬೇಕು. ಡೇಟಾ ಬೇಕಾ?’

‘ಬೇಕಾ ಅಂದ್ರೆ? ಎಲ್ಲಾ ಬೇಕಪ್ಪಾ.’

‘ನೋಡ್ತೀನಿ. ಗ್ಯಾರಂಟಿ ಕೊಡಕ್ಕಾಗಲ್ಲ.’

ಆ ಪೆಟ್ಟಿಗೆಯೊಳಗೆ ಹನ್ನೊಂದು ವರ್ಷದ ದುಡಿಮೆ ಇತ್ತು. ಲಗ್ನಪತ್ರಿಕೆಗಳು, ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳು, ಯಾರದೋ ಪಾಲುಪತ್ರ, ಇನ್ಯಾರದೋ ಮೊದಲ ಕವನ ಸಂಕಲನದ ಪುಟಗಳು. ‘ಡೇಟಾ ಬೇಕಾ’ ಎಂಬ ಪ್ರಶ್ನೆ ಕೇಳಿ ಆಕೆಯ ಮುಖ ಬಿಳಿಚಿಕೊಂಡಿದ್ದನ್ನು ನೋಡಿ ನನಗೆ ಸಂಕಟವಾಯಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಕಲಿಸಿದ ಮದ್ದು ಅದೊಂದೇ. ಕಂಪ್ಯೂಟರ್ ನಮ್ಮ ಊರೂರಿಗೆ ಬಂದು ಇಷ್ಟು ವರ್ಷಗಳಾದರೂ ಕೆಟ್ಟ ಆಪರೇಟಿಂಗ್ ಸಿಸ್ಟಮ್ಮಿಗೆ ನಮ್ಮ ಬೀದಿಗಳಲ್ಲಿ ಸಿಗುವ ಚಿಕಿತ್ಸೆ ಎಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಮನೆಯ ಸೂರು ಸೋರಿದರೆ ಮನೆಯನ್ನೇ ಕೆಡವುವ ಕೆಲಸ ಇದು.

ಬೀದಿಯಂಗಡಿಗೆ ಮಾತ್ರ ಈ ಗತಿ ಎಂದುಕೊಳ್ಳುವವರು 2024ರ ಜುಲೈ 19ನ್ನು ನೆನಪಿಸಿಕೊಳ್ಳಬೇಕು. ಅಂದು ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಕಂಪನಿ, ಫಾಲ್ಕನ್ ಎಂಬ ತನ್ನ ಭದ್ರತಾ ತಂತ್ರಾಂಶಕ್ಕೆ ಒಂದು ಪುಟ್ಟ ಕಡತ ಕಳಿಸಿತು. ಹೊಸ ವೈರಿಗಳನ್ನು ಗುರುತಿಸಲು ದಿನವೂ ಹೋಗುವಂಥದ್ದೇ ಕಡತ. ಆದರೆ ಅಂದು ಲೆಕ್ಕ ತಪ್ಪಿತ್ತು. 21 ಅಂಶಗಳನ್ನು ಓದಬೇಕೆಂದು ಕಡತ ಹೇಳುತ್ತಿತ್ತು, ತಂತ್ರಾಂಶದ ಕೈಯಲ್ಲಿದ್ದದ್ದು 20. ಇಪ್ಪತ್ತೊಂದನೆಯದನ್ನು ಹುಡುಕುತ್ತಾ ಅದು ತನ್ನದಲ್ಲದ ಮೆಮೊರಿಗೆ ಕೈಹಾಕಿತು. ಸಾಧಾರಣ ತಂತ್ರಾಂಶ ಹೀಗೆ ಮುಗ್ಗರಿಸಿದ್ದರೆ ಅದೊಂದು ಮುಚ್ಚಿಕೊಳ್ಳುತ್ತಿತ್ತು, ಅಷ್ಟೆ. ಫಾಲ್ಕನ್ ಇದ್ದದ್ದು ವಿಂಡೋಸಿನ ಗರ್ಭಗುಡಿಯಲ್ಲಿ, ಅಂದರೆ ಕರ್ನಲ್‌ನಲ್ಲಿ. ಅಲ್ಲಿ ಮುಗ್ಗರಿಸಿದರೆ ಇಡೀ ಯಂತ್ರ ನಿಲ್ಲುತ್ತದೆ. ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಸಾಲುಗಳು ಬೆಳೆದವು. ದೇಶದ ಹಲವು ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಕಾವಲಿಗೆಂದು ಹಾಕಿದ ಬೇಲಿಯೇ ಎದ್ದು ಹೊಲ ಮೇಯಿತು.

ತಪ್ಪು ಯಾರಿಂದಲೂ ಆಗುತ್ತದೆ. ನನ್ನನ್ನು ಇವತ್ತಿಗೂ ಕಾಡುವುದು ಆಮೇಲಿನ ಲೆಕ್ಕ. ಕಂಪನಿ ತನ್ನ ತಪ್ಪನ್ನು ಕಂಡುಕೊಂಡು ಆ ಕಡತವನ್ನು ಹಿಂತೆಗೆದುಕೊಂಡದ್ದು 78 ನಿಮಿಷಗಳಲ್ಲಿ. ಹನ್ನೊಂದು ಗಂಟೆ ಹೊಡೆಯುವ ಮುನ್ನವೇ ರೋಗಕ್ಕೆ ಮದ್ದು ಸಿದ್ಧವಿತ್ತು. ಆದರೆ ಸುಮಾರು ಶೇ 99ರಷ್ಟು ಯಂತ್ರಗಳು ಮರಳಿ ಬಂದಿವೆ ಎಂದು ಅದೇ ಕಂಪನಿ ಹೇಳಲು ಸಾಧ್ಯವಾದದ್ದು ಜುಲೈ 29ರಂದು. ನಿಮಿಷಗಳಲ್ಲಿ ಸಿಕ್ಕ ಮದ್ದು ರೋಗಿಯನ್ನು ಮುಟ್ಟಲು ಹತ್ತು ದಿನ ಹಿಡಿಯಿತು. ಏಕೆಂದರೆ ಮದ್ದು ಹೋಗಬೇಕಾದದ್ದು ನೆಟ್‌ವರ್ಕಿನಲ್ಲಿ, ನೆಟ್‌ವರ್ಕಿಗೆ ಸೇರುವಷ್ಟು ಹೊತ್ತು ಯಂತ್ರ ಎದ್ದು ನಿಲ್ಲುತ್ತಲೇ ಇರಲಿಲ್ಲ. ಪ್ರತಿ ಬಾರಿ ಆನ್ ಮಾಡಿದಾಗಲೂ ಮೊದಲು ಏಳುವುದು ಆ ಕಾವಲುಗಾರನೇ, ಎದ್ದೊಡನೆ ಮತ್ತೆ ಬೀಳುವುದು. ಕೊನೆಗೆ ಒಬ್ಬ ಮನುಷ್ಯ ಹೋಗಿ ಯಂತ್ರದ ಮುಂದೆ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಒಂದು ಕಡತವನ್ನು ಅಳಿಸಬೇಕಿತ್ತು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಮೊದಲು 48 ಅಂಕಿಗಳ ಕೀಲಿಯನ್ನು ತಪ್ಪಿಲ್ಲದೆ ಒತ್ತಬೇಕು. ಕೆಲವು ಕಡೆ ಆ ಕೀಲಿಗಳನ್ನು ಇಟ್ಟಿದ್ದ ಸರ್ವರೇ ನೆಲ ಕಚ್ಚಿತ್ತು. ಹೀಗೆ ಒಂದಲ್ಲ ಎರಡಲ್ಲ, ಲಕ್ಷಗಟ್ಟಲೆ ಯಂತ್ರ.

ನಮ್ಮ ಹಿರಿಯರು ಕೆರೆ ಕಟ್ಟಿದ ರೀತಿ ನೋಡಿ. ಏರಿ ಎಷ್ಟೇ ಭದ್ರವಾಗಿರಲಿ, ಒಂದು ಬದಿಯಲ್ಲಿ ಕೋಡಿ ಇಲ್ಲದೆ ಕೆರೆ ಕಟ್ಟಿದವರಿಲ್ಲ. ಮಳೆ ಮಿತಿಮೀರುವ ವರ್ಷ ಬಂದೇ ಬರುತ್ತದೆ, ಆಗ ನೀರು ಏರಿಯನ್ನು ಒಡೆಯದೆ ಎಲ್ಲಿಂದ ಹರಿದು ಹೋಗಬೇಕು ಎಂಬುದನ್ನು ಮೊದಲ ದಿನವೇ ಯೋಚಿಸಿ ಕಲ್ಲು ಕೂರಿಸುತ್ತಿದ್ದರು. ತೂಬು, ಕಾಲುವೆ ನೋಡಿಕೊಳ್ಳಲು ನೀರಗಂಟಿ ಇರುತ್ತಿದ್ದ. ಆಪರೇಟಿಂಗ್ ಸಿಸ್ಟಮ್ ಕಟ್ಟುವವರು ಹಲವು ವರ್ಷ ಏರಿಯನ್ನೇ ಎತ್ತರಿಸುತ್ತಾ ಬಂದರು. ಕೋಡಿಯ ಯೋಚನೆ ಅವರಿಗೆ ಬಂದದ್ದು ತಡವಾಗಿ.

ಆ ಯೋಚನೆಯನ್ನು ಬೇಗ ಮಾಡಿದವರಿಗೆ ಏನು ಸಿಕ್ಕಿತು ಎನ್ನುವುದಕ್ಕೆ ನನಗೆ ಬಲು ಇಷ್ಟವಾದ ಪ್ರಸಂಗವೊಂದಿದೆ. ಅದು ನಡೆದದ್ದು ಭೂಮಿಯ ಮೇಲಲ್ಲ. 2004ರ ಜನವರಿ ಮೊದಲ ವಾರ ನಾಸಾದ ‘ಸ್ಪಿರಿಟ್’ ಎಂಬ ಬಂಡಿ ಮಂಗಳನ ಗುಸೆವ್ ಕುಳಿಯಲ್ಲಿ ಇಳಿಯಿತು. 21ನೇ ತಾರೀಖಿನ ಹೊತ್ತಿಗೆ ಅದರ ಮಾತು ನಿಂತಿತು. ಆಮೇಲೆ ಸಿಕ್ಕ ಅರೆಬರೆ ಸಂಕೇತಗಳಿಂದ ಎಂಜಿನಿಯರುಗಳಿಗೆ ತಿಳಿದದ್ದಿಷ್ಟು: ಅದರ ಕಂಪ್ಯೂಟರು ಏಳುತ್ತಿದೆ, ಬೀಳುತ್ತಿದೆ, ಮತ್ತೆ ಏಳುತ್ತಿದೆ. ರಾತ್ರಿ ಮಲಗಬೇಕಾದ ಯಂತ್ರ ಮಲಗುತ್ತಿಲ್ಲ, ಬ್ಯಾಟರಿ ಬಸಿದುಹೋಗುತ್ತಿದೆ. ಪ್ರಯಾಣದುದ್ದಕ್ಕೂ ಕೂಡಿಬಿದ್ದ ಕಡತಗಳು ಅದರ ಫ್ಲ್ಯಾಶ್ ಮೆಮೊರಿಯಲ್ಲಿ ವಿಪರೀತವಾಗಿದ್ದವು. ಅವುಗಳ ಪಟ್ಟಿಯನ್ನು ಹಿಡಿದಿಟ್ಟುಕೊಳ್ಳಲು ಕೆಲಸದ ಮೆಮೊರಿ ಸಾಲದೆ ಕಂಪ್ಯೂಟರು ಪ್ರತಿ ಸಲ ಕುಸಿಯುತ್ತಿತ್ತು. ನಮ್ಮ ಡಿಟಿಪಿ ಅಕ್ಕನ ಯಂತ್ರದಂತೆ ಇದೂ ಮೇಲೇಳಲಾರದ ಯಂತ್ರ. ಬಿಚ್ಚಿ ನೋಡಲು ಹುಡುಗನನ್ನು ಕಳಿಸುವ ಹಾಗಿಲ್ಲ.

ಆದರೆ ಅದನ್ನು ಕಟ್ಟಿದವರು ಒಂದು ಕೋಡಿ ಬಿಟ್ಟಿದ್ದರು. ಫ್ಲ್ಯಾಶ್ ಮೆಮೊರಿಯ ಗೊಡವೆಗೇ ಹೋಗದೆ, ಬರೀ ಕೆಲಸದ ಮೆಮೊರಿಯಲ್ಲಿ ಏಳು ಎಂಬ ಆಜ್ಞೆಯೊಂದನ್ನು ಮೊದಲೇ ಅದರೊಳಗೆ ಇಟ್ಟಿದ್ದರು. ಭೂಮಿಯಿಂದ ಆ ಆಜ್ಞೆ ಹೋಯಿತು. ಸ್ಪಿರಿಟ್ ಎದ್ದು ನಿಂತಿತು. ಬೇಡದ ಕಡತಗಳನ್ನು ಅಳಿಸಿ, ಆಮೇಲೆ ಫ್ಲ್ಯಾಶನ್ನೇ ಫಾರ್ಮ್ಯಾಟ್ ಮಾಡಿ ಅದನ್ನು ಕೆಲಸಕ್ಕೆ ಹಚ್ಚಿದರು. ಕೇವಲ 90 ಮಂಗಳ ದಿನಗಳಿಗೆಂದು ಹೋಗಿದ್ದ ಆ ಬಂಡಿ 2010ರ ಮಾರ್ಚ್‌ವರೆಗೂ ಭೂಮಿಯೊಡನೆ ಮಾತಾಡಿತು. ಕೋಟ್ಯಂತರ ಕಿಲೋಮೀಟರ್ ಆಚೆ ಬಿದ್ದ ಯಂತ್ರವನ್ನು 2004ರಲ್ಲೇ ಎಬ್ಬಿಸಲು ಸಾಧ್ಯವಾಗಿತ್ತು. ಇಪ್ಪತ್ತು ವರ್ಷದ ಮೇಲೆ ಪಕ್ಕದ ಕೋಣೆಯ ಯಂತ್ರವನ್ನು ಎಬ್ಬಿಸಲು ಮನುಷ್ಯ ನಡೆದುಹೋಗಬೇಕಾಯಿತು. ಇದನ್ನು ನಾನು ವಿದ್ಯೆಯ ಕೊರತೆ ಎನ್ನಲಾರೆ. ಹಾಗೆ ಕಟ್ಟಿಕೊಡಿ ಎಂದು ಕೇಳಿದವರಿಲ್ಲ, ಅದಕ್ಕೇ ಕಟ್ಟಲಿಲ್ಲ.

ಕೇಳಿದ ಕಡೆ ಬದಲಾವಣೆ ಬಂದಿದೆ. ನಿಮ್ಮ ಜೇಬಿನಲ್ಲೇ ಅದರ ಸಾಕ್ಷಿ ಇರಬಹುದು. 2016ರ ಆಂಡ್ರಾಯ್ಡ್ 7ರಿಂದ ಬಂದ ಒಂದು ಏರ್ಪಾಡಿನಲ್ಲಿ ಫೋನಿನ ಸಿಸ್ಟಮ್ಮಿಗೆ ಎರಡು ಕೋಣೆ. ನೀವು ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಅಪ್‌ಡೇಟ್ ಸದ್ದಿಲ್ಲದೆ ಇನ್ನೊಂದರಲ್ಲಿ ಕೂರುತ್ತದೆ. ಫೋನು ಹೊಸ ಕೋಣೆಯಲ್ಲಿ ಏಳಲಾಗದಿದ್ದರೆ ಹಳೆಯ ಕೋಣೆಗೇ ಮರಳುತ್ತದೆ. ಕರೆಂಟ್ ಹೋದರೂ, ಬ್ಯಾಟರಿ ಸತ್ತರೂ ಹಳೆಯದು ಮುಕ್ಕಾಗದೆ ಇರುತ್ತದೆ. ಈ ಉಪಾಯವನ್ನು ಗೂಗಲ್ ತನ್ನ ಕ್ರೋಮ್ ಓಎಸ್‌ನಲ್ಲಿ ಮೊದಲೇ ಬಳಸಿತ್ತು. ಲಿನಕ್ಸ್ ಲೋಕದಲ್ಲಿ ಓಪನ್‌ಸೂಸೆಯಂಥವು ಪ್ರತಿ ಬದಲಾವಣೆಗೆ ಮುನ್ನ ಇಡೀ ಸಿಸ್ಟಮ್ಮಿನ ಒಂದು ಚಿತ್ರ ತೆಗೆದಿಟ್ಟುಕೊಳ್ಳುತ್ತವೆ, ಕೆಟ್ಟರೆ ನಿನ್ನೆಯ ಚಿತ್ರಕ್ಕೆ ಹಿಂದಿರುಗಬಹುದು. ಅಂಗಡಿಯ ಆ ಯಂತ್ರಕ್ಕೆ ಇಂಥ ಎರಡನೇ ಕೋಣೆ ಇದ್ದಿದ್ದರೆ ‘ಡೇಟಾ ಬೇಕಾ’ ಎಂಬ ಮಾತೇ ಹುಟ್ಟುತ್ತಿರಲಿಲ್ಲ.

ಮೈಕ್ರೋಸಾಫ್ಟ್ ಕೂಡ 2024ರ ಪೆಟ್ಟಿನ ನಂತರ ಎಚ್ಚೆತ್ತಿದೆ. ಪದೇ ಪದೇ ಬೀಳುವ ಯಂತ್ರ ತಾನಾಗಿ ಚೇತರಿಕೆಯ ಕೋಣೆಗೆ ಹೋಗಿ, ಅಲ್ಲಿಂದಲೇ ಇಂಟರ್ನೆಟ್ಟಿಗೆ ಸೇರಿ, ಮದ್ದನ್ನು ತಾನೇ ತರಿಸಿಕೊಳ್ಳುವ ‘ಕ್ವಿಕ್ ಮಷಿನ್ ರಿಕವರಿ’ 2025ರಲ್ಲಿ ವಿಂಡೋಸ್ 11ಕ್ಕೆ ಬಂತು. ಭದ್ರತಾ ತಂತ್ರಾಂಶಗಳನ್ನು ಗರ್ಭಗುಡಿಯಿಂದ ಹೊರಗೆ ಕೂರಿಸುವ ಕೆಲಸವೂ ಶುರುವಾಗಿದೆ. ಇನ್ನು ಮೇಲೆ ಇಂಥ ಕಡತಗಳನ್ನು ಹಂತಹಂತವಾಗಿ ಕಳಿಸುತ್ತೇವೆ ಎಂದು ಕ್ರೌಡ್‌ಸ್ಟ್ರೈಕ್ ಮಾತು ಕೊಟ್ಟಿದೆ. ಎಲ್ಲವೂ ಒಳ್ಳೆಯದೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೂ ಮುಂದಿನ ದಂಡಿಗೆ ಅದು ಅಡ್ಡವಾಗುತ್ತದೆ.

ಇಲ್ಲಿ ಬಳಕೆದಾರರ ತಪ್ಪಿನ ಬಗ್ಗೆಯೂ ಹೇಳಲೇಬೇಕು. ‘ಅಪ್‌ಡೇಟ್ ಆಫ್ ಮಾಡಿಸಿಬಿಟ್ಟಿದೀನಿ ಸಾರ್, ಮಾಡಿದ್ರೆ ಕೆಡುತ್ತೆ’ ಎನ್ನುವವರನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅವರ ಭಯ ಸುಳ್ಳಲ್ಲ, ಅನುಭವದಿಂದ ಬಂದದ್ದು. ಆದರೆ ಆ ಭಯದ ಬೆಲೆ ದೊಡ್ಡದು. 2017ರ ಮೇ 12ರಂದು ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತನ್ನು ಹಿಂಡಿತು, ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ರದ್ದಾದವು. ಅದು ನುಗ್ಗಿದ ಬಿರುಕನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ 14ಕ್ಕೇ ಬಂದಿತ್ತು. ಎರಡು ತಿಂಗಳು ಅದು ಬಾಗಿಲಲ್ಲಿ ನಿಂತು ಕಾದಿತ್ತು. ಹಿಂದಕ್ಕೆ ಮರಳುವ ದಾರಿ ಖಚಿತವಾಗಿದ್ದರೆ ಜನ ಅಪ್‌ಡೇಟಿಗೆ ಹೆದರುವುದಿಲ್ಲ. ನಿರ್ವಹಣೆ ಹದವಾಗಿ ನಡೆಯಬೇಕಾದರೆ ಚೇತರಿಕೆಯ ಮೇಲೆ ನಂಬಿಕೆ ಹುಟ್ಟಬೇಕು. ಇವೆರಡನ್ನು ಬೇರೆ ಬೇರೆ ಇಲಾಖೆಗಳ ಕೆಲಸ ಎಂದು ನೋಡುವುದೇ ನಮ್ಮ ದೊಡ್ಡ ತಪ್ಪು ಎಂದು ನನಗನ್ನಿಸುತ್ತದೆ. ಅಪ್‌ಡೇಟೇ ಬಾರದ ಯಂತ್ರಗಳ ಮಾತು ಬೇರೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11ನ್ನು ಹಾಕಿಸಲು ಬೇಕಾದ ಭದ್ರತಾ ಚಿಪ್ ಎಷ್ಟೋ ಹಳೆಯ ಯಂತ್ರಗಳಲ್ಲಿ ಇಲ್ಲ. ಅಂಥ ಯಂತ್ರಗಳಿಗೆ ಲಿನಕ್ಸ್ ಹಾಕಿಸುವ ಯೋಚನೆಯನ್ನಾದರೂ ಶಾಲೆಗಳು, ಗ್ರಂಥಾಲಯಗಳು ಗಂಭೀರವಾಗಿ ಮಾಡಲಿ.

ಬ್ಯಾಕಪ್ ಇದೆಯಲ್ಲ ಎನ್ನುವವರಿಗೆ ಎರಡು ಘಟನೆ ಹೇಳುತ್ತೇನೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಸುಲಿಗೆಕೋರರು ನುಗ್ಗಿ, ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಜಡಿದರು. ಹೊರರೋಗಿಗಳ ಚೀಟಿ, ಪ್ರಯೋಗಾಲಯದ ವರದಿ ಎಲ್ಲವೂ ಎಷ್ಟೋ ದಿನ ಕೈಬರಹದಲ್ಲಿ ನಡೆದವು. ಆಸ್ಪತ್ರೆಯನ್ನು ಉಳಿಸಿದ್ದು ಸೋಂಕು ತಗಲದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರ್. ಇನ್ನೊಂದು, ತಂತ್ರಾಂಶದ ಕೆಲಸದಲ್ಲೇ ಪಳಗಿದ ಗಿಟ್‌ಲ್ಯಾಬ್ ಕಂಪನಿಯದ್ದು. 2017ರ ಜನವರಿ 31ರ ರಾತ್ರಿ ದಣಿದಿದ್ದ ಎಂಜಿನಿಯರೊಬ್ಬರು ತಪ್ಪು ಸರ್ವರಿನ ಕಡತಗಳನ್ನು ಅಳಿಸಿಬಿಟ್ಟರು. ಮರಳಿ ತರಲು ಹೋದಾಗ, ಐದು ಬಗೆಯ ಬ್ಯಾಕಪ್ ಏರ್ಪಾಡುಗಳಲ್ಲಿ ಒಂದನ್ನೂ ನೆಚ್ಚುವ ಹಾಗಿರಲಿಲ್ಲ. ಬ್ಯಾಕಪ್ ವಿಫಲವಾಗುತ್ತಿದೆ ಎಂದು ಎಚ್ಚರಿಸುವ ಇಮೇಲ್‌ಗಳೂ ಯಾರನ್ನೂ ತಲುಪುತ್ತಿರಲಿಲ್ಲ. ಆರು ಗಂಟೆ ಹಿಂದೆ ಬೇರಾವುದೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಪ್ರತಿ ಅವರ ಮಾನ ಕಾಯಿತು. ತಮ್ಮ ಸೋಲನ್ನು ಅವರು ಮುಚ್ಚಿಡದೆ ಲೋಕಕ್ಕೆಲ್ಲ ವಿವರಿಸಿದರು ಎಂಬುದಕ್ಕೆ ನನಗೆ ಅವರ ಮೇಲೆ ಗೌರವವಿದೆ.

ಆದ್ದರಿಂದ ನಮ್ಮ ಸರ್ಕಾರಿ ಕಚೇರಿಗಳಿಗೆ, ಸಹಕಾರ ಸಂಘಗಳಿಗೆ, ಕಾಲೇಜುಗಳಿಗೆ ನನ್ನ ಬೇಡಿಕೆ ಒಂದೇ. ಯಂತ್ರ ಕೊಳ್ಳುವಾಗ ಟೆಂಡರಿನಲ್ಲಿ ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಎಂದು ಬರೆಯುವ ಜಾಗದಲ್ಲೇ ಇನ್ನೊಂದು ಸಾಲು ಸೇರಿಸಿ: ಬಿದ್ದರೆ ಎಷ್ಟು ಗಂಟೆಯಲ್ಲಿ ಏಳಬೇಕು. ಎಬ್ಬಿಸಿ ತೋರಿಸಿದ ಮೇಲೆ ಬಿಲ್ ಪಾಸು ಮಾಡಿ. ವರ್ಷಕ್ಕೆರಡು ಸಲ, ಕೆಲಸ ಕಡಿಮೆ ಇರುವ ದಿನ, ಒಂದು ಯಂತ್ರವನ್ನು ಬೇಕೆಂದೇ ಬೀಳಿಸಿ ಮೇಲೆತ್ತುವ ತಾಲೀಮು ನಡೆಸಿ. ರಿಪೇರಿ ಕಲಿಯುವ ಹುಡುಗರಿಗೆ ಫಾರ್ಮ್ಯಾಟ್ ಹೊಡೆಯುವುದನ್ನು ಕಡೆಯ ಪಾಠವಾಗಿ ಕಲಿಸಿ.

ಡಿಟಿಪಿ ಅಕ್ಕನ ಡಿಸ್ಕನ್ನು ಆ ಹುಡುಗ ಬಿಚ್ಚಿ, ಬೇರೆ ಯಂತ್ರಕ್ಕೆ ಸಿಕ್ಕಿಸಿ, ರಾತ್ರಿಯೆಲ್ಲ ಕೂತು ಬಹುಪಾಲು ಕಡತಗಳನ್ನು ಹೊರಗೆಳೆದುಕೊಟ್ಟ. ಎಲ್ಲರಿಗೂ ಅಂಥ ಹುಡುಗ ಸಿಗುವುದಿಲ್ಲ.

ಓದುಗರೇ, ಈ ಭಾನುವಾರ ಅರ್ಧ ಗಂಟೆ ತೆಗೆದಿಡಿ. ನಿಮ್ಮ ಯಂತ್ರಕ್ಕೆ ಬಿಟ್‌ಲಾಕರ್ ಬೀಗ ಇದ್ದರೆ ಆ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಪಹಣಿ, ಖಾತೆ ಪತ್ರಗಳ ಜೊತೆ ಇಡಿ. ಆಮೇಲೆ ನಿಮ್ಮ ಬ್ಯಾಕಪ್ ಡಿಸ್ಕನ್ನು ಬೇರೊಬ್ಬರ ಕಂಪ್ಯೂಟರಿಗೆ ಸಿಕ್ಕಿಸಿ, ಹಳೆಯದೊಂದು ಫೋಟೊ ತೆರೆಯಿರಿ. ತೆರೆಯದಿದ್ದರೆ ಸೋಮವಾರಕ್ಕೆ ಕಾಯಬೇಡಿ.