ಹಾಡಿಸುವವರಿಗೆ ಮೊದಲು ಹಾಡು ಕಲಿಸಿ

ಶಿವಮೊಗ್ಗ, ಭದ್ರಾವತಿಯ ಚರ್ಚುಗಳಲ್ಲಿ ಭಾನುವಾರದ ಆರಾಧನೆ ಸರಾಗವಾಗಿ ನಡೆಯಿತೆಂದರೆ ಅದರ ಹಿಂದೆ ವಾರವಿಡೀ ಓಡಾಡಿದ ಒಬ್ಬ ಯುವಕನೋ ಯುವತಿಯೋ ಇರುವುದುಂಟು. ಕೆಲವು ಸಭೆಗಳಲ್ಲಿ ಇವರನ್ನು ಇಂಟರ್ನ್ ಎನ್ನುತ್ತಾರೆ, ಹೆಚ್ಚಿನ ಕಡೆ ಬರೀ ಬ್ರದರ್ ಅಥವಾ ಸಿಸ್ಟರ್. ಸೆಮಿನರಿಯಿಂದ ಬಂದವರಾದರೆ ರೀಜೆನ್ಸಿ, ಅಂದರೆ ಓದಿನ ನಡುವಿನ ಸೇವಾ ತರಬೇತಿಯ ಅವಧಿಯಲ್ಲಿರುವ ಬ್ರದರ್. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಂಥ ಕಡೆಯಿಂದ ಬಂದವರಾದರೆ ಸಭಾಸೇವೆಯ ಅಭ್ಯಾಸಕ್ಕೆಂದು ಬಂದ ವಿದ್ಯಾರ್ಥಿ. ಹೆಸರು ಏನೇ ಇದ್ದರೂ ಕೆಲಸ ಹೆಚ್ಚುಕಡಿಮೆ ಒಂದೇ. ವಾರದ ನಡುವೆ ಮನೆ ಪ್ರಾರ್ಥನೆ, ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಸಂಜೆ ಯುವಜನರ ಕೂಟ, ಅದು ಮುಗಿಯುತ್ತಲೇ ಕ್ವಾಯರ್ ಅಭ್ಯಾಸ, ಭಾನುವಾರ ಬೆಳಿಗ್ಗೆ ಸಂಡೇ ಸ್ಕೂಲು, ಆಮೇಲೆ ಆರಾಧನೆ. ಇದರ ಮಧ್ಯೆ ಹಾಸ್ಟೆಲ್‌ನಲ್ಲೋ ಪಿಜಿಯಲ್ಲೋ ಇರುವ ಕಾಲೇಜು ಹುಡುಗರನ್ನು ಹೋಗಿ ಮಾತನಾಡಿಸಿ ಬರುವುದು. ಸಂಗೀತ ಮತ್ತು ವಿದ್ಯಾರ್ಥಿಗಳು, ಇವೆರಡೂ ಒಬ್ಬರ ಹೆಗಲಿಗೇ ಬೀಳುವುದು ಆಕಸ್ಮಿಕವಲ್ಲ. ಹುಡುಗರು ಬರುವುದು ಹಾಡಿಗೆ, ಉಳಿಯುವುದು ಗೆಳೆತನಕ್ಕೆ ಎಂಬುದು ಸಭಾಪಾಲಕರಿಗೆಲ್ಲ ಗೊತ್ತಿರುವ ಮಾತು.

ಯಾರ ಕಣ್ಣಿಗೂ ಬೀಳದ ಈ ಕಿರಿಯ ಹುದ್ದೆಯಲ್ಲಿ ಒಂದು ದೊಡ್ಡ ತೀರ್ಮಾನ ಅಡಗಿದೆ. ಮುಂದಿನ ತಲೆಮಾರಿನ ಕ್ರೈಸ್ತರು ಯಾವ ಹಾಡನ್ನು ಬಾಯಿಪಾಠವಾಗಿ ಇಟ್ಟುಕೊಳ್ಳುತ್ತಾರೆ, ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ ಎಂಬುದು ಶನಿವಾರದ ಅಭ್ಯಾಸದಲ್ಲಿ ನಿರ್ಧಾರವಾಗುತ್ತದೆ, ಧರ್ಮಾಧ್ಯಕ್ಷರ ಸುತ್ತೋಲೆಯಲ್ಲಿ ಅಲ್ಲ. ಅಷ್ಟು ದೊಡ್ಡ ಕೆಲಸ ವಹಿಸಿಕೊಂಡವರಿಗೆ ನಾವು ಕೊಡುವ ತಯಾರಿ ತೀರಾ ಕಡಿಮೆ. ಕೀಬೋರ್ಡ್ ಬರುತ್ತದೆಯೇ, ಗಿಟಾರ್ ಹಿಡಿಯಲು ಬರುತ್ತದೆಯೇ ಎಂದು ಕೇಳುತ್ತಾರೆ. ಕನ್ನಡದ ಹಾಡುಗಾರಿಕೆ ಗೊತ್ತೇ ಎಂದು ಕೇಳುವವರು ವಿರಳ. ಈ ಎರಡು ಊರುಗಳ ಚರ್ಚುಗಳು ತರಬೇತಿಯ ವರ್ಷವನ್ನು ಈ ನೆಲದ ಹಾಡು ಕಲಿಯುವ ವರ್ಷವನ್ನಾಗಿಯೂ ಮಾಡಬೇಕು, ಅದಕ್ಕೆ ಗುರುವನ್ನೂ ಗೌರವಧನವನ್ನೂ ಕೊಡಬೇಕು ಎಂಬುದು ನನ್ನ ವಾದ. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ 1.87. ಇಷ್ಟು ಚಿಕ್ಕ ಸಮುದಾಯದ ಒಳಗಿನ ವಿಷಯ ಎಲ್ಲರೂ ಓದುವ ಪತ್ರಿಕೆಗೆ ಏಕೆ ಎಂದರೆ, ಕನ್ನಡ ಹಾಡು ಉಳಿಯುವ ಜಾಗಗಳಲ್ಲಿ ಇದೂ ಒಂದು. ಪ್ರತಿ ವಾರ ತಪ್ಪದೆ ಜನ ಕೂಡಿ ಕನ್ನಡದಲ್ಲಿ ಹಾಡುವ ಜಾಗಗಳು ನಮ್ಮಲ್ಲಿ ಎಷ್ಟಿವೆ?

ಈಗ ಏನಾಗುತ್ತಿದೆ ಎಂಬುದನ್ನು ಹತ್ತಿರದಿಂದ ನೋಡೋಣ. ಹೊಸ ಹಾಡು ಬೇಕೆಂದಾಗ ಇಂಟರ್ನ್ ತಡಕಾಡುವುದು ಯೂಟ್ಯೂಬನ್ನು. ಅಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಹಾಡುಗಳು ಹೇರಳ. ಅವುಗಳ ಕನ್ನಡ ರೂಪ ಅವಸರದಲ್ಲಿ ಹೊಲಿದ ಅಂಗಿ. ಟ್ಯೂನು ಮೊದಲೇ ಗಟ್ಟಿಯಾಗಿರುವುದರಿಂದ ಮಾತು ಅದಕ್ಕೆ ಬಗ್ಗಬೇಕು. ಕನ್ನಡದಲ್ಲಿ ಹ್ರಸ್ವ ದೀರ್ಘಗಳ ಲೆಕ್ಕ ತಪ್ಪಿದರೆ ಬರೀ ಇಂಪು ಕೆಡುವುದಿಲ್ಲ, ಅರ್ಥವೂ ಕೆಡುತ್ತದೆ. ದೇವರ ಬಲವನ್ನು ಕೊಂಡಾಡುವ ಸಾಲಿನಲ್ಲಿ ಮೊದಲಕ್ಷರಕ್ಕೆ ಎರಡು ಮಾತ್ರೆ ಎಳೆದುಬಿಟ್ಟರೆ ಕೇಳುವ ಅಜ್ಜಿಗೆ ಬಾಲ ಎಂದೇ ಕೇಳಿಸುತ್ತದೆ. ಇನ್ನು ಪರದೆಯ ಮೇಲೆ ಪ್ರೊಜೆಕ್ಟರ್ ತೋರಿಸುವ ಕನ್ನಡ ಹಾಡು ಹಲವೆಡೆ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ಹುಡುಗರಿಗೆ ಓದಲು ಸುಲಭವಾಗಲಿ ಎಂದು. ಆ ಲಿಪಿಯಲ್ಲಿ ಳ ಲ ಎರಡೂ ಒಂದೇ, ಣ ನ ಎರಡೂ ಒಂದೇ. ಹೀಗೆ ಕಲಿತ ಹಾಡು ತುಟಿಯಲ್ಲಿ ಇರುತ್ತದೆ, ಮಾತಿಗೆ ಇಳಿಯುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತ ಹಿರಿಯರು ಸುಮ್ಮನಾಗುತ್ತಾರೆ; ಮುಂದೆ ನಿಂತ ನಾಲ್ಕು ಮಂದಿ ಹಾಡುತ್ತಾರೆ, ಉಳಿದವರು ನೋಡುತ್ತಾರೆ. ಸಭೆಯ ಹಾಡು ವೇದಿಕೆಯ ಕಾರ್ಯಕ್ರಮವಾಗಿಬಿಡುತ್ತದೆ.

ಕನ್ನಡ ಕ್ರೈಸ್ತರ ಪರಂಪರೆ ಹೀಗಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್‌ನವರು ಹಾಡಿಸುವ ಮುಂಚೆ ಇಲ್ಲಿನ ಹಾಡನ್ನು ಕೇಳಿಸಿಕೊಂಡರು. 1843ರಲ್ಲಿ ಮಂಗಳೂರ ಸಮಾಚಾರ ಆರಂಭಿಸಿದ ಹರ್ಮನ್ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. 1848ರಿಂದ ಅವರು ಹೊರತಂದ ಬಿಬ್ಲಿಯೊಥೆಕಾ ಕರ್ನಾಟಿಕಾ ಮಾಲೆಯಲ್ಲಿ ಲಕ್ಷ್ಮೀಶನ ಜೈಮಿನಿ ಭಾರತವೂ ಸೇರಿತ್ತು. ನಿಘಂಟಿನಿಂದ ಮನೆಮಾತಾದ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ ಯೇಸುವಿನ ಜೀವನವನ್ನು ಇಲ್ಲಿನ ಛಂದಸ್ಸಿನಲ್ಲಿಯೇ ಕಥಾಮಾಲೆಯಾಗಿ ಬರೆದರು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದರು. ಧರ್ಮಪ್ರಚಾರಕ್ಕೆ ಬಂದವರಿಗೆ ಛಂದಸ್ಸಿನ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದಿತ್ತು. ಕನ್ನಡದ ನಡೆ ಗೊತ್ತಿಲ್ಲದೆ ಕನ್ನಡದಲ್ಲಿ ಪ್ರಾರ್ಥಿಸಲಾಗದು ಎಂಬುದು ಅವರಿಗೆ ಮನವರಿಕೆಯಾಗಿತ್ತು. ಹಾಗೆಂದು ಅವರ ಉದ್ದೇಶದಲ್ಲಿ ಧರ್ಮಪ್ರಚಾರ ಇರಲಿಲ್ಲ ಎಂದಲ್ಲ. ಉದ್ದೇಶ ಏನಿದ್ದರೂ ದುಡಿದ ರೀತಿ ಗಂಭೀರವಾಗಿತ್ತು. ಕಥೊಲಿಕರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಆರಾಧನೆಯ ಕುರಿತ ದಸ್ತಾವೇಜನ್ನು ಅಂಗೀಕರಿಸಿ ಲ್ಯಾಟಿನ್ ಜೊತೆಗೆ ಜನರ ಭಾಷೆಗೂ ಬಾಗಿಲು ತೆರೆಯಿತು. 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎನ್‌ಬಿಸಿಎಲ್‌ಸಿ ಎಂಬ ಕಥೊಲಿಕ ಸಂಸ್ಥೆ ಭಾರತೀಯ ಆರಾಧನಾ ಕ್ರಮದ ಪ್ರಯೋಗಗಳಿಗೆ ಕೇಂದ್ರವಾಯಿತು. ಇಷ್ಟೆಲ್ಲ ನಡೆದ ನಾಡಿನಲ್ಲಿ ಇಂದಿನ ಇಂಟರ್ನ್‌ಗೆ ಈ ಹೆಸರುಗಳ ಪರಿಚಯವೇ ಇಲ್ಲದಿದ್ದರೆ ತಪ್ಪು ಅವರದಲ್ಲ, ಹೇಳಿಕೊಡದವರದು.

ಶಿವಮೊಗ್ಗದವರಿಗಂತೂ ನೆಪ ಹೇಳಲು ಜಾಗವೇ ಇಲ್ಲ. ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ವಾಚಿಸುವ ಕಲೆಗೆ, ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿಯ ಮೊದಲ ಪಾಠವೇ ಪದ ಒಡೆಯುವ ಕ್ರಮ. ಎಲ್ಲಿ ನಿಲ್ಲಬೇಕು, ಎಲ್ಲಿ ಕೂಡಿಸಬೇಕು, ಯಾವ ಭಾವಕ್ಕೆ ಯಾವ ರಾಗ, ಆಲಾಪನೆ ಎಷ್ಟಾದರೆ ಸಾಹಿತ್ಯ ಮುಳುಗದೆ ಉಳಿಯುತ್ತದೆ ಎಂಬುದನ್ನು ಅಲ್ಲಿ ಕಲಿಸುತ್ತಾರೆ. ಕೇಳುವವನಿಗೆ ಒಂದೇ ಸಲಕ್ಕೆ ಅರ್ಥವಾಗಬೇಕು ಎಂಬುದು ಗಮಕದ ನಿಯಮ, ಸಭೆಯನ್ನು ಹಾಡಿಸುವವರಿಗೆ ಬೇಕಾದದ್ದೂ ಅದೇ. ಮೊಗ್ಲಿಂಗ್ ಅಚ್ಚು ಹಾಕಿಸಿದ ಜೈಮಿನಿ ಭಾರತ ಗಮಕಿಗಳಿಗೂ ಅಚ್ಚುಮೆಚ್ಚು. ಮಂಗಳೂರಿನ ಮಿಷನ್ ಪ್ರೆಸ್ಸಿಗೂ ಮಲೆನಾಡಿನ ಗಮಕಕ್ಕೂ ನಡುವಿನ ದೂರ ನಾವು ಅಂದುಕೊಂಡಷ್ಟಿಲ್ಲ. ಇನ್ನು ಊರ ಹೆಸರನ್ನೇ ಹೊತ್ತ ಶಿವಮೊಗ್ಗ ಸುಬ್ಬಣ್ಣ ಕಾಡು ಕುದುರೆ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಹಿನ್ನೆಲೆ ಗಾಯಕ. ಕವಿತೆಯ ಮಾತಿಗೆ ಹೊಂದುವಂತೆ ರಾಗ ಕಟ್ಟುವ ಸುಗಮ ಸಂಗೀತದ ಕಸುಬು ಈ ಊರಿಗೆ ಹೊಸದಲ್ಲ. ಆ ಕಸುಬು ಬಲ್ಲವರಲ್ಲಿಗೆ ವಾರಕ್ಕೆ ಎರಡು ಗಂಟೆ ಇಂಟರ್ನ್ ಒಬ್ಬರನ್ನು ಕಳಿಸುವುದು ಯಾವ ಚರ್ಚಿಗೂ ಆಗದ ಕೆಲಸವಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಈಗಿನ ಹುಡುಗರಿಗೆ ರಾಗ ತಾಳ ಬೇಡ, ಗಿಟಾರು ಡ್ರಮ್ಸು ಬೇಕು ಎಂಬುದು. ವಾದ್ಯದ ಬಗ್ಗೆ ನನ್ನದೇನೂ ತಕರಾರಿಲ್ಲ. ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. ಆಕಾಶವಾಣಿ ಅದನ್ನು 1940ರಿಂದ ಮೂರು ದಶಕ ಹೊರಗಿಟ್ಟಿತ್ತು. ಆದರೂ ಅದು ಭಜನೆಗೆ, ಹರಿಕಥೆಗೆ, ಕಂಪನಿ ನಾಟಕಕ್ಕೆ, ಚರ್ಚಿಗೆ ಒಗ್ಗಿಹೋಯಿತು. ಕದ್ರಿ ಗೋಪಾಲನಾಥರ ಕೈಯಲ್ಲಿ ಸ್ಯಾಕ್ಸೊಫೋನ್ ಕರ್ನಾಟಕ ಸಂಗೀತದ ವಾದ್ಯವಾಯಿತು. ಗಿಟಾರಿಗೂ ಆ ದಾರಿ ತೆರೆದೇ ಇದೆ. ಬದಲಾಗಬೇಕಾದದ್ದು ಕ್ರಮ: ಮೊದಲು ಕನ್ನಡದ ಸಾಲು, ಅದರ ಉಸಿರಿಗೆ ತಕ್ಕ ಧಾಟಿ, ಆಮೇಲೆ ಕಾರ್ಡ್ಸ್. ಕನ್ನಡ ಸಿನಿಮಾ ಹಾಡಿಗೆ, ರ‍್ಯಾಪ್‌ಗೆ ಕುಣಿಯುವ ಹುಡುಗರೇ ಚರ್ಚಿನ ಕನ್ನಡ ಹಾಡಿಗೆ ಮುಖ ತಿರುಗಿಸಿದರೆ ಅವರು ಒಲ್ಲೆ ಎನ್ನುತ್ತಿರುವುದು ಕನ್ನಡವನ್ನಲ್ಲ, ಕಳಪೆ ಕೆಲಸವನ್ನು.

ಎರಡನೆಯ ಆಕ್ಷೇಪ ಭಾಷೆಯದು, ಅದನ್ನು ಭದ್ರಾವತಿಯಲ್ಲಿ ನಿಂತೇ ಎದುರಿಸಬೇಕು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ಸುತ್ತಮುತ್ತಲಿನ ರಾಜ್ಯಗಳಿಂದಲೂ ಜನರನ್ನು ಕರೆತಂದವು. ಕೇರಳದಿಂದ ಬಂದು ಮಲೆನಾಡಿನಲ್ಲಿ ಬೇಸಾಯಕ್ಕೆ ನಿಂತ ಕುಟುಂಬಗಳೂ ಇವೆ. 2007ರಲ್ಲಿ ಕೇರಳ ಮೂಲದ ಸೀರೊ ಮಲಬಾರ್ ಕಥೊಲಿಕ ಸಭೆ ಭದ್ರಾವತಿಯನ್ನೇ ಕೇಂದ್ರವಾಗಿಸಿ ಒಂದು ಧರ್ಮಪ್ರಾಂತ್ಯ ರಚಿಸಿತು. ಶಿವಮೊಗ್ಗದ ಲ್ಯಾಟಿನ್ ಧರ್ಮಪ್ರಾಂತ್ಯ 1988ರದು. ತಮಿಳು, ಮಲಯಾಳ, ಕೊಂಕಣಿ, ತೆಲುಗು ಮಾತನಾಡುವವರ ನಡುವೆ ಕನ್ನಡವನ್ನೇ ಹಾಡಿ ಎಂದರೆ ಹೇರಿಕೆಯಾಗದೇ? ಬೆಂಗಳೂರಿನ ಚರ್ಚುಗಳಲ್ಲಿ ಆರಾಧನೆಯ ಭಾಷೆಗಾಗಿ ದಶಕಗಳ ಕಾಲ ನಡೆದ ಜಗಳ ಕಂಡವರಿಗೆ ಈ ಭಯ ಸಹಜ. ಆದರೆ ನಾನು ಕೇಳುತ್ತಿರುವುದು ಯಾವ ಮನೆಮಾತಿನ ಆರಾಧನೆಯನ್ನೂ ನಿಲ್ಲಿಸಿ ಎಂದಲ್ಲ. ತಾಯಿನುಡಿಯ ಪ್ರಾರ್ಥನೆ ಇದ್ದಲ್ಲಿ ಇರಲಿ. ವಿದ್ಯಾರ್ಥಿಗಳ ಕೂಟದ ಸಂಗತಿ ಬೇರೆ. ಕೊಂಕಣಿ ಮನೆಯ ಹುಡುಗಿ, ತಮಿಳು ಮನೆಯ ಹುಡುಗ, ನರ್ಸಿಂಗ್ ಓದಲು ಹೊರ ರಾಜ್ಯದಿಂದ ಬಂದವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅವರು ನಾಳೆ ಆಸ್ಪತ್ರೆಯಲ್ಲಿ ರೋಗಿಯನ್ನು, ಶಾಲೆಯಲ್ಲಿ ಮಕ್ಕಳನ್ನು ಮಾತನಾಡಿಸಬೇಕಾದದ್ದು ಕನ್ನಡದಲ್ಲಿ. ಹೊಸ ಭಾಷೆ ನಾಲಿಗೆಗೆ ಒಗ್ಗಲು ಹಾಡಿಗಿಂತ ಸಲೀಸಾದ ದಾರಿ ಇನ್ನೊಂದಿಲ್ಲ.

ಮೂರನೆಯದು ಇವೆಲ್ಲಕ್ಕಿಂತ ಗಟ್ಟಿ ಆಕ್ಷೇಪ, ಅದು ಬಂದದ್ದು ಚರ್ಚಿನ ಒಳಗಿನಿಂದಲೇ. ಭಾರತೀಯ ಸಂಗೀತ ಎಂದಾಗಲೆಲ್ಲ ಶಾಸ್ತ್ರೀಯ ರಾಗಗಳನ್ನೇ ತಂದರೆ ಅದು ಯಾರ ಭಾರತ ಎಂದು ದಲಿತ ದೇವತಾಶಾಸ್ತ್ರದವರು 1980ರ ದಶಕದಿಂದ ಕೇಳುತ್ತ ಬಂದಿದ್ದಾರೆ. ಸಭೆಗಳಲ್ಲಿ ಕೂತವರಲ್ಲಿ ಬಹುಪಾಲು ಮಂದಿಯ ಅಜ್ಜ ಅಜ್ಜಿಯರಿಗೆ ವೀಣೆ ಮೃದಂಗಗಳ ಸಂಗ ಇರಲಿಲ್ಲ, ತಮಟೆಯ ಸಂಗ ಇತ್ತು. ಮಧುರೈನ ದೇವತಾಶಾಸ್ತ್ರ ಕಾಲೇಜಿನಲ್ಲಿದ್ದ ಥಿಯೋಫಿಲಸ್ ಅಪ್ಪಾವು ತಮಿಳು ಜನಪದದ ಧಾಟಿಯಲ್ಲಿ ಚರ್ಚಿಗೆ ಹಾಡು ಕಟ್ಟಿ ಈ ಪ್ರಶ್ನೆಗೆ ಕೃತಿಯಲ್ಲೇ ಉತ್ತರ ಕೊಟ್ಟರು. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ, ಇದರಿಂದ ನನ್ನ ವಾದ ಇನ್ನಷ್ಟು ಅಗಲವಾಗುತ್ತದೆ. ಗಮಕದಿಂದ ಪದದ ಶಿಸ್ತು ಕಲಿಯಬಹುದು. ಧಾಟಿಗೆ ಅಲ್ಲಿಗೇ ಹೋಗಬೇಕೆಂದಿಲ್ಲ. ಶಿವಮೊಗ್ಗ ಜಿಲ್ಲೆ ಡೊಳ್ಳಿನ ನೆಲ, ಸೋಬಾನೆ ಪದಗಳ ನೆಲ, ಲಂಬಾಣಿ ತಾಂಡಾಗಳ ಹಾಡಿನ ನೆಲ. ಒಬ್ಬರು ಹೇಳಿ ಉಳಿದವರು ಸೊಲ್ಲು ಹಿಡಿಯುವ ಜನಪದದ ರೀತಿ ಸಭೆಯ ಹಾಡಿಗೆ ಹೇಳಿ ಮಾಡಿಸಿದಂತಿದೆ. ಅದಕ್ಕೆ ಪ್ರೊಜೆಕ್ಟರೂ ಬೇಡ, ಓದು ಬಲ್ಲವರೇ ಆಗಬೇಕೆಂದೂ ಇಲ್ಲ.

ನಾಲ್ಕನೆಯದು ಚರ್ಚಿನ ಹೊರಗಿನವರ ಶಂಕೆ. ವಿದ್ಯಾರ್ಥಿ ಸೇವೆ ಎಂದರೆ ಮತಾಂತರದ ಇನ್ನೊಂದು ಹೆಸರಲ್ಲವೇ, ಕನ್ನಡ ಹಾಡು ಅದಕ್ಕೆ ಹೊಸ ಬಲೆಯಾಗದೇ ಎಂದು ಕೇಳುವವರಿದ್ದಾರೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗ, 2023ರ ಜೂನ್‌ನಲ್ಲಿ ಅದನ್ನು ರದ್ದುಪಡಿಸಲು ಸಚಿವ ಸಂಪುಟ ತೀರ್ಮಾನಿಸಿದಾಗ ಈ ಮಾತು ಎರಡೂ ಕಡೆ ಕಾವೇರಿತು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿದೆ. ಹಾಗಾಗಿ ಇಂಟರ್ನ್‌ಗಳ ಕೆಲಸಕ್ಕೆ ಗೆರೆ ಸ್ಪಷ್ಟವಿರಬೇಕು: ಅಪ್ರಾಪ್ತರಾದರೆ ಹೆತ್ತವರ ಒಪ್ಪಿಗೆ, ಹಾಸ್ಟೆಲಿಗೆ ಹೋಗುವುದಾದರೆ ವಾರ್ಡನ್ನರ ಅನುಮತಿ, ಕೂಟ ನಡೆಯುವ ಜಾಗದ ಬಾಗಿಲು ತೆರೆದಿರಬೇಕು. ಇಷ್ಟಾದ ಮೇಲೆ ಹಾಡು ಊರಿನ ಭಾಷೆಯಲ್ಲಿರುವುದು ಶಂಕೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಒಳಗೆ ಏನು ಹಾಡುತ್ತಿದ್ದಾರೆ ಎಂಬುದು ರಸ್ತೆಯಲ್ಲಿ ಹೋಗುವವನಿಗೂ ಅರ್ಥವಾಗುತ್ತದೆ. ಗಮಕದ ಗುರುವಿನ ಮನೆಗೆ ಕಲಿಯಲು ಹೋಗುವ ಇಂಟರ್ನ್, ಕಲಿಸಲು ಒಪ್ಪುವ ಗುರು, ಇಬ್ಬರಿಗೂ ತಮ್ಮ ತಮ್ಮ ನಂಬಿಕೆ ಬಿಡಬೇಕಾದ ಪ್ರಮೇಯವಿಲ್ಲ.

ಉಳಿದದ್ದು ದುಡ್ಡಿನ ಪ್ರಶ್ನೆ. ಸಣ್ಣ ಸಭೆಗಳಿಗೆ ಕರೆಂಟ್ ಬಿಲ್ಲು ಕಟ್ಟುವುದೇ ಕಷ್ಟ ಎಂಬುದು ಸುಳ್ಳಲ್ಲ, ಅದರಲ್ಲೂ ಕಾರ್ಖಾನೆಗಳ ದುಡಿಮೆ ಕುಗ್ಗಿದ ಭದ್ರಾವತಿಯಲ್ಲಿ. ಆದರೆ ಒಂದೊಂದು ಚರ್ಚೂ ಒಬ್ಬೊಬ್ಬ ಗುರುವನ್ನು ಹುಡುಕಬೇಕಿಲ್ಲ. ಲ್ಯಾಟಿನ್ ಕಥೊಲಿಕ, ಸಿಎಸ್ಐ, ಸೀರೊ ಮಲಬಾರ್, ಪೆಂಟೆಕೋಸ್ಟಲ್ ಸಭೆಗಳು ಕೂಡಿ ಒಂದು ವಾರಾಂತ್ಯದ ತರಗತಿ ನಡೆಸಿದರೆ ಖರ್ಚು ಹಂಚಿಹೋಗುತ್ತದೆ. ಸೌಂಡ್ ಸಿಸ್ಟಂಗೆ ಚಂದಾ ಎತ್ತಬಲ್ಲ ಸಭೆ ಅದನ್ನು ಬಳಸುವವರ ಕಲಿಕೆಗೂ ಎತ್ತಬಲ್ಲದು. ಇಂಟರ್ನ್‌ಗೆ ಕೊಡುವ ಹಣವನ್ನು ಕಾಣಿಕೆ ಎನ್ನದೆ ಗೌರವಧನ ಎಂದು ತಿಂಗಳು ತಿಂಗಳು ಕೊಡಲಿ. ಸೇವೆ ಎಂಬ ಮಾತಿನ ಮರೆಯಲ್ಲಿ ಎಳೆಯರ ದುಡಿಮೆಯನ್ನು ಬಿಟ್ಟಿಯಾಗಿ ಪಡೆಯುವುದು ಯಾವ ಧರ್ಮಕ್ಕೂ ಶೋಭೆಯಲ್ಲ. ಜೂನ್‌ನಲ್ಲಿ ಕಾಲೇಜುಗಳ ಜೊತೆಗೇ ಹೊಸ ಇಂಟರ್ನ್‌ಗಳು ಕೆಲಸಕ್ಕೆ ಸೇರುವಾಗ ಅವರ ಕೈಗೆ ಕೊಡುವ ಕಾಗದದಲ್ಲಿ ಎರಡು ಷರತ್ತು ಬರೆದಿರಲಿ. ವರ್ಷ ಮುಗಿಯುವುದರೊಳಗೆ ಹಳೆಯ ಕನ್ನಡ ಕೀರ್ತನೆಗಳಲ್ಲಿ ಇಪ್ಪತ್ತನ್ನು ಪುಸ್ತಕ ನೋಡದೆ ಹಾಡಿಸಲು ಬರಬೇಕು. ವಿದ್ಯಾರ್ಥಿಗಳ ಜೊತೆ ಕೂತು ಈ ಜಿಲ್ಲೆಯ ಧಾಟಿಯಲ್ಲಿ ಕನಿಷ್ಠ ಒಂದು ಹೊಸ ಹಾಡು ಕಟ್ಟಿರಬೇಕು. ಮೊದಲನೆಯದನ್ನು ಅವರು ಪೂರೈಸದಿದ್ದರೆ ಕಲಿಸುವವರನ್ನು ಕೇಳಬೇಕು, ಎರಡನೆಯದನ್ನು ಪೂರೈಸಿದರೆ ಆ ಹಾಡನ್ನು ಮುಂದಿನ ಭಾನುವಾರವೇ ಇಡೀ ಸಭೆ ಹಾಡಬೇಕು.