ಮೂರನೇ ರೈಡರ್‌ನ ಪಾಡು

‘ಊರಾಗ ಹುಲಿ, ಮ್ಯಾಟಿನ ಮ್ಯಾಲ ಇಲಿ.’ ಯಲವಿಗಿ ಸ್ಟೇಶನ್ ಹತ್ತಿರದ ಚಹಾದಂಗಡಿಯಲ್ಲಿ ಮೊಬೈಲಿನೊಳಗೆ ಪ್ರೊ ಕಬಡ್ಡಿ ನೋಡುತ್ತಿದ್ದ ಹಿರಿಯರೊಬ್ಬರು, ಹೊಸ ರೈಡರ್ ಒಬ್ಬ ಸಿಕ್ಕಿಬಿದ್ದದ್ದೇ ತಡ, ಹೀಗೆ ತೀರ್ಪು ಕೊಟ್ಟುಬಿಟ್ಟರು. ಸುತ್ತ ಕೂತವರು ನಕ್ಕರು. ಟೀವಿಯ ವೀಕ್ಷಕ ವಿವರಣೆಗಾರರು ಇದನ್ನೇ ಕೋಟು ತೊಟ್ಟು ಹೇಳುತ್ತಾರೆ: ಹುಡುಗನಲ್ಲಿ ಪ್ರತಿಭೆಯೇನೋ ಇದೆ, ಮಾನಸಿಕ ದೃಢತೆ ಸಾಲದು. ಮಾತು ಒಂದೇ, ಎರಡು ಕಡೆಯೂ ಹುಸಿ. ವೃತ್ತಿಪರ ಆಟಕ್ಕೆ ಕಾಲಿಟ್ಟ ಹೊಸಬ ಎಡವುತ್ತಾನೆ, ನಿಜ. ಆದರೆ ಯಾವ ಬಲದಿಂದ ಅವನು ಅಲ್ಲಿಯತನಕ ಬಂದನೋ ಆ ಬಲವನ್ನು ಹೊಸ್ತಿಲಲ್ಲೇ ಕಸಿದುಕೊಂಡಿರುತ್ತಾರೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಸವಣೂರು, ಶಿಗ್ಗಾವಿ, ಹಾನಗಲ್ ಸೀಮೆಯ ಹೊನಲು ಬೆಳಕಿನ ಪಂದ್ಯಾವಳಿಗಳನ್ನು ನೋಡಿದವರಿಗೆ ಗೊತ್ತು, ಊರಿನ ತಂಡದಲ್ಲಿ ನೆಚ್ಚಿನ ರೈಡರ್ ಅಂದರೆ ಒಬ್ಬನೇ. ಅವನೇ ಹೋಗಬೇಕು, ಅವನೇ ಬರಬೇಕು. ಮೊದಲೆರಡು ರೈಡ್ ಖಾಲಿಯಾದರೆ ಯಾರೂ ಗೊಣಗುವುದಿಲ್ಲ. ಮೂರನೆಯದರಲ್ಲಿ ಒಂದು ಬೋನಸ್ ಕದ್ದು ಬರುತ್ತಾನೆ. ಐದನೆಯದರ ಹೊತ್ತಿಗೆ ಎದುರಿನ ಎಡ ಕಾರ್ನರ್‌ನವನು ಪಾದ ಹಿಡಿಯಲು ಹಾರುವ ಮುನ್ನ ಯಾವ ಭುಜ ಇಳಿಸುತ್ತಾನೆ ಎಂಬುದು ಕಣ್ಣಿಗೆ ಬಿದ್ದಿರುತ್ತದೆ. ಆಮೇಲೆ ನೋಡಿ ಅವನ ಆಟ. ಎದುರಾಳಿಯನ್ನು ಓದಬೇಕಾದರೆ ಖಾಲಿ ರೈಡುಗಳನ್ನು ಖರ್ಚು ಮಾಡಲೇಬೇಕು, ಊರು ಆ ಖರ್ಚಿಗೆ ಲೆಕ್ಕ ಕೇಳುವುದಿಲ್ಲ.

ಅದೇ ಹುಡುಗ ಲೀಗ್ ತಂಡಕ್ಕೆ ಬಂದರೆ ಮೂರನೇ ರೈಡರ್. ಬಹಳ ಹೊತ್ತು ಬೆಂಚು. ಕರೆ ಬರುವುದು ಯಾವಾಗ? ತಂಡದ ಎರಡು ರೈಡ್ ಸಾಲಾಗಿ ಖಾಲಿ ಹೋಗಿ, ಮೂರನೆಯದು ‘ಡೂ ಆರ್ ಡೈ’ ಆದಾಗ. ಅಂಕ ತರಬೇಕು, ಇಲ್ಲವಾದರೆ ಔಟ್. ದುಬಾರಿ ಬೆಲೆಯ ಮುಖ್ಯ ರೈಡರ್ ಔಟಾಗಿ ಹೊರಗೆ ಕೂರಬಾರದೆಂದು ಎಷ್ಟೋ ತಂಡಗಳು ಈ ರೈಡನ್ನು ಮೂರನೆಯವನ ಕೊರಳಿಗೆ ಕಟ್ಟುತ್ತವೆ. ಅವನು ಒಳಗೆ ನುಗ್ಗಲೇಬೇಕೆಂಬುದು ಎದುರಿನ ಏಳು ಜನಕ್ಕೂ ಗೊತ್ತು, ಕಾಯ್ದು ನಿಲ್ಲುತ್ತಾರೆ. ಮೈ ಬೆಚ್ಚಗಾಗಿಲ್ಲ, ಕಾರ್ನರ್‌ನವನ ಭುಜ ನೋಡಿಲ್ಲ, ಇರುವುದು 30 ಸೆಕೆಂಡು. ಸಿಕ್ಕಿಬಿದ್ದ, ಹೊರಗೆ ಕೂತ. ಮರುದಿನದ ಪಟ್ಟಿಯಲ್ಲಿ ನಾಲ್ಕು ರೈಡ್, ಒಂದು ಅಂಕ. ಅತಿ ಕಷ್ಟದ ಪ್ರಶ್ನೆಗಳನ್ನಷ್ಟೇ ಕೊಟ್ಟು, ಸಿಕ್ಕ ಅಂಕ ನೋಡಿ ದಡ್ಡ ಅನ್ನುವ ಪರೀಕ್ಷೆ ಇದು. ಇಲ್ಲಿ ಮಾನಸಿಕ ದೃಢತೆಯ ಮಾತೆತ್ತುವವರು ಮೊದಲು ಲೆಕ್ಕ ಮಾಡುವುದನ್ನು ಕಲಿಯಲಿ.

ಪ್ರದೀಪ್ ನರ್ವಾಲ್ ಅವರನ್ನು ಪ್ರೊ ಕಬಡ್ಡಿಗೆ ಮೊದಲು ಕರೆತಂದದ್ದು ನಮ್ಮ ಬೆಂಗಳೂರು ಬುಲ್ಸ್, 2015ರ ಎರಡನೇ ಆವೃತ್ತಿಯಲ್ಲಿ. ಆಡಿದ್ದು ಕೆಲವೇ ಪಂದ್ಯ, ಅಂಕ ಎರಡಂಕಿ ಮುಟ್ಟಲಿಲ್ಲ. ಬುಲ್ಸ್ ಕೈಬಿಟ್ಟಿತು, ಪಟ್ನಾ ಪೈರೇಟ್ಸ್ ಎತ್ತಿಕೊಂಡಿತು. ಮೂರನೇ ಆವೃತ್ತಿ ಶುರುವಾದದ್ದು 2016ರ ಜನವರಿಯಲ್ಲಿ, ನಡುವೆ ಅರ್ಧ ವರ್ಷವೂ ಇಲ್ಲ. ಅದರಲ್ಲಿ 116 ರೈಡ್ ಅಂಕ! 2017ರಲ್ಲಿ 369. ಪಟ್ನಾ ಸಾಲಾಗಿ ಮೂರು ಸಲ ಕಪ್ ಎತ್ತಿತು. ಐದಾರು ತಿಂಗಳಲ್ಲಿ ಯಾರ ಎದೆಯೂ ಹನ್ನೆರಡು ಪಟ್ಟು ಗಟ್ಟಿಯಾಗುವುದಿಲ್ಲ. ಆದದ್ದು ಇಷ್ಟೇ: ಪಟ್ನಾ ಅವರ ಕೈಗೆ ರೈಡುಗಳನ್ನು ಕೊಟ್ಟಿತು, ಸಿಕ್ಕಿಬಿದ್ದರೂ ಮತ್ತೆ ಕೊಟ್ಟಿತು. ಪವನ್ ಸೆಹ್ರಾವತ್ ಕತೆಯೂ ದೂರದ್ದಲ್ಲ. ಐದನೇ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿ ಹೆಚ್ಚಾಗಿ ಬೆಂಚು ಕಾದವರು, ಮರುವರ್ಷ ಬುಲ್ಸ್‌ಗೆ ಬಂದು 271 ರೈಡ್ ಅಂಕ ತಂದರು. 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ಎದುರು ಒಬ್ಬರೇ 22.

ಇದು ಕಬಡ್ಡಿಯೊಂದರ ಕತೆಯಲ್ಲ. ಬ್ಯಾಸ್ಕೆಟ್‌ಬಾಲ್‌ನ ಕೋಬಿ ಬ್ರಯಂಟ್ ಶಾಲಾ ಆಟದಿಂದ ನೇರವಾಗಿ ಎನ್‌ಬಿಎಗೆ ಬಂದವರು. 1996-97ರ ಆ ಮೊದಲ ಋತುವಿನಲ್ಲಿ 48 ನಿಮಿಷದ ಪಂದ್ಯದಲ್ಲಿ ಅವರಿಗೆ ಸಿಗುತ್ತಿದ್ದದ್ದು ಸರಾಸರಿ 15 ನಿಮಿಷ, ತರುತ್ತಿದ್ದ ಅಂಕ 7.6. ಚೆಂಡು ಸದಾ ತನ್ನ ಕೈಯಲ್ಲೇ ಇರುತ್ತಿದ್ದ ಹುಡುಗ ಈಗ ಮೂಲೆಯಲ್ಲಿ ನಿಂತು ಚೆಂಡಿಗೆ ಕಾಯಬೇಕು.

ನನ್ನ ವಾದಕ್ಕೆ ಗಟ್ಟಿ ತಕರಾರು ನವೀನ್ ಕುಮಾರ್. 18ನೇ ವಯಸ್ಸಿಗೆ ದಬಂಗ್ ಡೆಲ್ಲಿಗೆ ಬಂದು ಮೊದಲ ಋತುವಿನಲ್ಲೇ 150ಕ್ಕೂ ಹೆಚ್ಚು ಅಂಕ ಬಾಚಿದರು. ಆದರೆ ಡೆಲ್ಲಿ ಅವರನ್ನು ಬೆಂಚಿನಲ್ಲಿ ಕೂಡಿಸಿರಲಿಲ್ಲ, ಪಂದ್ಯದ ಮೇಲೆ ಪಂದ್ಯ ಆಡಿಸಿತು. ಹಾಗಂತ ಅವಕಾಶ ಸಿಕ್ಕವರೆಲ್ಲ ನವೀನ್ ಆಗುವುದಿಲ್ಲ, ಅದನ್ನು ಒಪ್ಪಲೇಬೇಕು. ‘ದುಡ್ಡು ತಲೆಗೇರಿತು’ ಅನ್ನುವವರಿಗೆ ಉತ್ತರ ಕೊಡುವುದು ಹೊತ್ತು ಹಾಳು.

ಇನ್ನೊಂದು ತಕರಾರನ್ನು ನಾನು ಹಗುರವಾಗಿ ತಳ್ಳಲಾರೆ: ದೇಹ. ನಮ್ಮ ಕಡೆ ಪಂದ್ಯಾವಳಿಗಳು ತೂಕದ ಮೇಲೆ ನಡೆಯುತ್ತವೆ, 55 ಕೆಜಿ, 60 ಕೆಜಿ. ಲೀಗಿನಲ್ಲಿ ಮಿತಿ 85. ಅರವತ್ತರ ಹುಡುಗನನ್ನು ಎಂಬತ್ತು ದಾಟಿದ ಕವರ್ ಡ್ಯಾಶ್ ಮಾಡಿದರೆ ಗೆರೆಯಾಚೆ ಬೀಳುವುದೇ ಸೈ. ಜೊತೆಗೆ ಮ್ಯಾಟ್. ಮಣ್ಣಿನ ಅಂಕಣದಲ್ಲಿ ಬರಿಗಾಲಿನವ ಗಕ್ಕನೆ ತಿರುಗಿದರೆ ಅಂಗಾಲು ಒಂಚೂರು ಜಾರುತ್ತದೆ, ಆ ಜಾರುವಿಕೆಯೇ ಮಂಡಿಯನ್ನು ಕಾಯುತ್ತದೆ. ಹಳೆಯ ಆಟಗಾರರು ಈ ಜಾರನ್ನೇ ಪಟ್ಟು ಮಾಡಿಕೊಂಡವರು, ಹಿಡಿದ ಕೈಯಿಂದ ಕಾಲನ್ನು ಮಣ್ಣಿನ ಮೇಲೆ ಎಳೆದುಕೊಂಡೇ ಬಿಡಿಸಿಕೊಂಡು ಬರುತ್ತಿದ್ದರು. ಮ್ಯಾಟಿನ ಮೇಲೆ ಬೂಟು ಕಚ್ಚಿ ಹಿಡಿಯುತ್ತದೆ. ಪಾದ ನಿಂತಲ್ಲೇ ನಿಲ್ಲುತ್ತದೆ, ಮೈ ತಿರುಗುತ್ತದೆ, ನಡುವೆ ಸಿಕ್ಕ ಮಂಡಿ ತಿರುಚಿಕೊಳ್ಳುತ್ತದೆ. ಹತ್ತು ವರ್ಷ ಮಣ್ಣಿನಲ್ಲಿ ಪಳಗಿದ ತಿರುವನ್ನು ಹುಡುಗ ಮರೆಯಬೇಕು, ಅದೂ ಕ್ಯಾಮೆರಾದ ಎದುರು. ಅವನ ಒಂದೊಂದು ರೈಡನ್ನೂ ಎದುರಾಳಿಗಳು ವಿಡಿಯೋದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಒಂದೇ ಪಟ್ಟು ನಂಬಿ ಬಂದವನ ಗುಟ್ಟು ಮೂರು ಪಂದ್ಯಕ್ಕೆ ರಟ್ಟಾಗುತ್ತದೆ. ಆದರೆ ಈ ತೊಡಕುಗಳೂ ಬಿಡುವುದು ಆಡಿಯೇ. ತೂಕ ಏರಿಸಬಹುದು, ತಿರುವು ತಿದ್ದಬಹುದು, ಎರಡನೇ ಪಟ್ಟು ಕಲಿಯಬಹುದು. ಬೆಂಚಿನ ಮೇಲೆ ಕೂತು ಕಲಿಯಲಾಗುವುದಿಲ್ಲ.

ಈ ಮಾತಿಗೆ ಒಳ್ಳೆಯ ಸಾಕ್ಷಿ ಪುಣೇರಿ ಪಲ್ಟನ್. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟನೇ ಆವೃತ್ತಿಯಲ್ಲಿ ಆ ತಂಡದಲ್ಲಿ ರಾಹುಲ್ ಚೌಧರಿ, ನಿತಿನ್ ತೋಮರ್‌ರಂಥ ಹೆಸರುವಾಸಿಗಳಿದ್ದರು. ಆದರೂ ರೈಡಿಂಗಿನ ಭಾರ ಬಿದ್ದದ್ದು ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಎಂಬ ಹೊಸಬರ ಮೇಲೆ. ಪುಣೆ ಅವರನ್ನು ಬಿಡದೆ ಉಳಿಸಿಕೊಂಡಿತು. 2024ರ ಮಾರ್ಚ್ 1ರಂದು ಅಸ್ಲಂ ನಾಯಕತ್ವದಲ್ಲಿ ಕಪ್ ಗೆದ್ದಿತು, ತರಬೇತುದಾರರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಮಣ್ಣಿನಿಂದ ಬಂದ ಹುಡುಗರನ್ನು ಕಾಯ್ದು ಬೆಳೆಸಬಲ್ಲವರು ನಮ್ಮಲ್ಲೇ ಇದ್ದಾರೆ ಎಂದಾಯಿತಲ್ಲ. ಹಾಗಿದ್ದ ಮೇಲೆ ಜಾತ್ರೆಯ ಪಂದ್ಯಾವಳಿಗೆ ದೇಣಿಗೆ ಕೊಡುವ ಧಣಿಗಳು ಟ್ರೋಫಿಯ ಎತ್ತರ ಒಂದು ಗೇಣು ಇಳಿಸಿ, ಉಳಿದ ದುಡ್ಡು ಕೂಡಿಸಿ ತಾಲೂಕಿಗೊಂದು ಮ್ಯಾಟ್ ಹಾಸಲಿ. ತೂಕದ ಪಂದ್ಯಗಳ ಜೊತೆಗೆ ವರ್ಷಕ್ಕೊಂದಾದರೂ 85 ಕೆಜಿಯ ಪಂದ್ಯಾವಳಿ ಇಡಲಿ. ಸವಣೂರಿನ ಹುಡುಗ ದೊಡ್ಡ ಮೈಯವರ ಕೈಗೆ ಮೊದಲ ಸಲ ಸಿಕ್ಕಿಬೀಳುವುದು ಟೀವಿಯಲ್ಲೇ ಯಾಕಾಗಬೇಕು?